ಒಂದು ತುಂಡು ವೈರು

ಮೋಟರು ಪೂರ್ತಿ ವೇಗಕ್ಕೆ ಬರುವುದಕ್ಕೂ ಗಕ್ಕನೆ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಮೋಟರನ್ನು ಮೆಲ್ಲಗೆ ಶುರುಮಾಡುವ ಸಾಫ್ಟ್ ಸ್ಟಾರ್ಟರಿನ ಪರದೆಯ ಮೇಲೆ ಅದೇ ಮಾತು: ಎಕ್ಸ್‌ಟರ್ನಲ್ ಫಾಲ್ಟ್. ಅಂದರೆ, ನನ್ನ ತಪ್ಪಿಲ್ಲ, ಹೊರಗಿನಿಂದ ಯಾರೋ ನಿಲ್ಲಿಸು ಅಂದರು, ನಿಲ್ಲಿಸಿದೆ ಅಂತ. ಗುಮಾಸ್ತನ ಉತ್ತರ. ನನಗೆ ಮೈಯೆಲ್ಲ ಉರಿಯಿತು.

ಸಂಜೆಯ ಬಸ್ಸಿಗೆ ನಾನು ಹೆಂಡತಿಯ ಹತ್ತಿರ ಹೋಗಬೇಕಿತ್ತು. ಅವಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಇಬ್ಬರ ರಜೆಯೂ ಒಂದೇ ದಿನ ಬರುವುದು ಅಪರೂಪ. ಮಾರನೆಯ ದಿನ ಬಂದಿತ್ತು. ಈ ಬಸ್ಸು ತಪ್ಪಿದರೆ ಬೆಳಗಿನದು ಅಲ್ಲಿ ಮುಟ್ಟುವಷ್ಟರಲ್ಲಿ ರಜೆ ಮುಗಿದು ಅವಳು ರಾತ್ರಿ ಪಾಳಿಗೆ ಹೊರಟಿರುತ್ತಾಳೆ. ಗಡ್ಡ ನುಣ್ಣಗೆ ಬೋಳಿಸಿಕೊಂಡೇ ಪಂಪ್‌ಹೌಸಿನ ರಿಪೇರಿಗೆ ಬಂದಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ಕೇಳಿದವನ ಹಲ್ಲು ಉದುರಿಸುತ್ತೇನೆ.

ಸ್ಟಾರ್ಟರಿನಿಂದ ಹೊರಟ ವೈರು ಮೂರು ಸ್ವಿಚ್ಚು ಸುತ್ತಿ ವಾಪಸು ಬರುತ್ತದೆ: ತಿರುಗುವ ಶಾಫ್ಟಿನ ಮುಚ್ಚಳದ್ದು, ತೊಟ್ಟಿಯ ನೀರಿನದು, ವಾಲ್ವಿನ ಪಕ್ಕ ತುರ್ತಿಗೆ ಒತ್ತುವ ಕೆಂಪು ಬಟನ್. ಯಾವುದರ ಸಂಪರ್ಕ ಬಿಟ್ಟುಕೊಂಡರೂ ಮೋಟರು ನಿಲ್ಲುತ್ತದೆ. ಪರೀಕ್ಷೆಗೆಂದು ಮೂರೂ ಸ್ವಿಚ್ಚು ತಪ್ಪಿಸಿ, ಸ್ಟಾರ್ಟರಿನಲ್ಲೇ ಎರಡು ತುದಿಗೂ ಒಂದು ತುಂಡು ವೈರು ಅಡ್ಡ ಹಾಕಿದೆ. ಮೋಟರು ನಿಲ್ಲದೆ ಓಡಿತು. ದೋಷ ಹೊರಗೇ ಇದೆ ಎಂದು ಖಾತ್ರಿಯಾಯಿತು.

"ಓಡ್ತಲ್ಲ ಅಣ್ಣ! ಹಂಗೇ ಬಿಟ್ಟು ಹೋಗು," ಅಂದ ಆಪರೇಟರ್. ಬಾಯಿ ಮುಚ್ಚದ ಆಸಾಮಿ, ಎಲ್ಲರೂ ಕರೆಯುವುದೇ ರೇಡಿಯೋ ಅಂತ. "ಅತ್ತಿಗೆ ಬಾಗಿಲಲ್ಲೇ ನಿಂತಿರ್ತಾರೆ. ಬಂದ್ಮೇಲೆ ನೋಡ್ಕೊಂಡ್ರಾಯ್ತು."

ಬ್ಯಾಗು ಹೆಗಲಿಗೇರಿಸಿ ಗೇಟಿನವರೆಗೂ ಹೋದೆ. ತಿರುಗಿ ನೋಡಿದರೆ ರೇಡಿಯೋ ಚಿಂದಿಬಟ್ಟೆ ಹಿಡಿದು, ಎಣ್ಣೆ ಒರೆಸಲು ಶಾಫ್ಟಿನ ಪಕ್ಕ ಕೂರುತ್ತಿದ್ದ. ಸ್ಟಾರ್ಟರಿನವರೆಗೆ ನಡೆಯಲು ಅವನಿಗೆ ಸೋಮಾರಿತನ. ಮುಚ್ಚಳ ಎತ್ತಿಯೇ ಮೋಟರು ನಿಲ್ಲಿಸುವುದು ಅವನ ರೂಢಿ. ಇವತ್ತು ನಾನು ಹಾಕಿದ ವೈರು ಇದೆ, ನಿಲ್ಲುವುದಿಲ್ಲ.

"ಕೈ ತೆಗಿಯೋ, ಮುಠ್ಠಾಳ!"

ಓಡಿ ಬಂದು ಮೋಟರು ನಿಲ್ಲಿಸಿ, ಆ ವೈರು ಕಿತ್ತೆ.

"ಬಸ್ಸು ಹೋಗುತ್ತಲ್ಲ ಅಣ್ಣ..."

"ಹೋಗ್ಲಿ. ನಿನ್ನ ಬೆರಳು ಹೋದ್ರೆ ನಿನ್ ಹೆಂಡ್ತಿಗೆ ಯಾರೋ ಉತ್ತರ ಹೇಳೋದು, ನಿಮ್ಮಪ್ಪನಾ?"

ಮುಚ್ಚಳದ ಸ್ವಿಚ್ಚು ಸರಿಯಿತ್ತು, ತೊಟ್ಟಿಯದೂ ಸರಿ. ಕೆಂಪು ಬಟನ್ನಿನ ಡಬ್ಬಿ ಬಿಚ್ಚಿದರೆ ಒಳಗೆ ತೇವ, ಹಸಿರು ಕಿಲುಬು, ಒಂದು ಸ್ಕ್ರೂ ಸಡಿಲ. ಮೋಟರು ವೇಗಕ್ಕೆ ಬಂದಾಗ ಪೈಪು ಅದುರಿ ವೈರು ಒಂದು ಕ್ಷಣ ಬಿಡುತ್ತಿತ್ತು. ಕಿಲುಬು ಉಜ್ಜಿ ಸ್ಕ್ರೂ ಬಿಗಿಯುವಾಗ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಕೈ ನಿಲ್ಲಿಸಲಿಲ್ಲ. ಕಣ್ಣು ಮಾತ್ರ ಅತ್ತ ಹೋಗಿ ಬಂತು.

ಮೋಟರು ಓಡತೊಡಗಿದ ಮೇಲೆ ಫೋನು ಮಾಡಿದೆ.

"ಬರ್ತಿಲ್ಲ, ಅಲ್ವಾ?" ಅಂದಳು.

"ಮೋಟರು ಕೈ ಕೊಟ್ಟಿತ್ತು ಕಣೇ."

"ಪ್ರತಿ ಸಲ ಒಬ್ಬಳು ಸವತಿ ಇದ್ದೇ ಇರ್ತಾಳೆ. ಎಲ್ಲಿ, ಅವಳ ಹತ್ರ ಇಡಿ ಫೋನು. ನಿಜಾನೋ ಸುಳ್ಳೋ ನೋಡೋಣ."

ಮೋಟರಿನ ಪಕ್ಕ ಇಟ್ಟೆ. ಮತ್ತೆ ಕಿವಿಗೆ ಹಿಡಿದೆ.

"ಕೇಳಿಸ್ತಾ?"

"ಹ್ಞೂಂ. ನಾಳೆ ಅಡುಗೆಗೆ ಎಲ್ಲ ತಂದಿಟ್ಟಿದ್ದೆ," ಅಂದಳು. ಆಮೇಲೆ, "ಫೋನು ಇಡ್ತೀನಿ," ಅಂದಳು.

ಇಡಲಿಲ್ಲ. ನಾನೂ ಇಡಲಿಲ್ಲ.