ಹಿಂದಿನ ಗಾಡಿಯ ದೀಪ

ದೀಪ ಇದೆ, ಕನ್ನಡಿಯ ಮೂಲೆಯಲ್ಲಿ, ತಿರುವಿನಲ್ಲಿ ಮರೆಯಾಗಿ ಮತ್ತೆ ಬಂತು, ಅಂದರೆ ಬಾಲ ಬರುತ್ತಿದ್ದಾನೆ — ಊರಲ್ಲಿ ಕ್ಷೌರದಂಗಡಿ ಇಟ್ಟವನು, ಬೆಟ್ಟಕ್ಕೆ ಬೈಕಿನಲ್ಲಿ ಬಂದರೆ ಯಾವಾಗಲೂ ಕೊನೆಯ ಗಾಡಿ ಅವನದೇ, ಅದಕ್ಕೇ ಆ ಅಡ್ಡಹೆಸರು. ಮುಂದೆ ಡ್ರಿಲ್ ಮಾಸ್ತರು, ನಡುವೆ ಗಡಿಯಾರ ರಿಪೇರಿಯ ತಾನು, ಹಿಂದೆ ಬಾಲ, ವರ್ಷಕ್ಕೊಮ್ಮೆ ಹೀಗೆ, ಕಟ್ಟಳೆ ಒಂದೇ: ಹಿಂದಿನವನ ದೀಪ ಕನ್ನಡಿಯಿಂದ ತಪ್ಪಿದರೆ ನಿಲ್ಲಬೇಕು, ಆಮೇಲೂ ಕಾಣದಿದ್ದರೆ ತಿರುಗಿ ಹೋಗಬೇಕು, ಬಾಲ ಮಾತ್ರ ಯಾರನ್ನೂ ದಾಟಬಾರದು. ಕೆಳಗೆ ಕಣಿವೆ ತುಂಬ ಮೋಡ, ಹಿಡಿಕೆ ನಡುಗುತ್ತಿದೆ, ಕನ್ನಡಿ ನಡುಗುತ್ತಿದೆ, ಟ್ಯಾಂಕಿನ ಮೇಲೆ ಕಟ್ಟಿದ ಚೀಲವೂ, ಎಷ್ಟು ನೆಮ್ಮದಿ, ಎಲ್ಲವೂ ನಡುಗುವಾಗ ಬಲಗೈ ಒಂದನ್ನೇ ಯಾರು ನೋಡುತ್ತಾರೆ. ಅಂಗಡಿಯಲ್ಲಿ ಹಾಗಲ್ಲ, ಮೇಜಿನ ಮೇಲೆ ಬಿಳಿ ಬಟ್ಟೆ, ಕಣ್ಣಿಗೆ ಭೂತಗನ್ನಡಿ, ಚಿಮಟದ ತುದಿಯಲ್ಲಿ ಎಳ್ಳಿಗಿಂತ ಸಣ್ಣ ತಿರುಪು — ಚಿಮಟ ನಡುಗಿತು, ತಿರುಪು ಹಾರಿತು, ನೆಲದ ಮೇಲೆ ಬೋರಲು ಬಿದ್ದು ಹುಡುಕಿದ್ದೇ ಹುಡುಕಿದ್ದು, ಗಿರಾಕಿ ಬಂದರೆ ನಾಳೆ ಬನ್ನಿ, ನಾಳೆ ಬಂದರೆ ಸಾಮಾನು ಸಿಕ್ಕಿಲ್ಲ. ಮನೆಯಲ್ಲಿ ಹೆಂಡತಿ ಈಗ ಲೋಟವನ್ನು ಅರ್ಧವೇ ತುಂಬಿಸಿ ಕೊಡುತ್ತಾಳೆ, ಒಂದೇ ಸಲ ಅಂದದ್ದು, ಈ ಸಲ ಹೋಗದಿದ್ರೆ ಆಗಲ್ವಾ, ತಾನು ನಕ್ಕುಬಿಟ್ಟಿದ್ದು, ನನ್ನ ಕೈ ಸರಿಹೋಗೋದೇ ಅಲ್ಲಿ ಕಣೇ. ಸುಳ್ಳಲ್ಲ ಅದು. ಸುಳ್ಳೇ.

ಬೆಳಿಗ್ಗೆ ಆ ಇಳಿಜಾರು, ಬೆರಳು ಬ್ರೇಕಿನ ಮೇಲಿಂದ ಜಾರಿ, ಮುಂದಿನ ಚಕ್ರ ರಸ್ತೆ ಬಿಟ್ಟು ಅಂಚಿನ ಜಲ್ಲಿಯ ಮೇಲೆ, ಆಚೆಗೆ ಬರೀ ಗಾಳಿ — ಕಾಲಿನ ಬ್ರೇಕು ಉಳಿಸಿತು. ಮಾಸ್ತರು ಮುಂದಿದ್ದರು, ಅವರಿಗೆ ಕಾಣಲಿಲ್ಲ. ಚಹಾದಂಗಡಿಯಲ್ಲಿ ಅವರದು ಎಂದಿನ ಭಾಷಣ, ಬೆನ್ನು ನೆಟ್ಟಗಿರಲಿ, ಅಂತರ ಕಾಯ್ದುಕೊಳ್ಳಿ, ತಾನು ಲೋಟವನ್ನು ಎಡಗೈಯಲ್ಲಿ ಹಿಡಿದು ತಲೆಯಾಡಿಸುತ್ತಾ, ಬಾಲ ಆ ಲೋಟ ನೋಡಿದ, ಜೇಬಿನಲ್ಲಿದ್ದ ಬಲಗೈಯ ಕಡೆ ನೋಡಿದ, ಹೊರಡೋಣ್ವಾ ಅಂದ, ಅಷ್ಟೇ. ಅಲ್ಲಿಂದೀಚೆ ದೀಪ ಹತ್ತಿರವಾಗಿದೆ, ಮಾಸ್ತರು ಹೇಳಿದ ಅಂತರವೆಲ್ಲ ಗಾಳಿಗೆ ಹೋಗಿದೆ. ಹೇಳಿಬಿಡಬಹುದು. ಹೇಳಿದರೆ ಗಾಡಿ ಹೋಯಿತು, ಅದರ ಹಿಂದೆಯೇ ಅಂಗಡಿಯೂ, ಇಲ್ಲಿ ಕೈ ನಡುಗುತ್ತದೆ ಎಂದು ಒಪ್ಪಿಕೊಂಡವನು ಅಲ್ಲಿ ಯಾವ ಮುಖ ಇಟ್ಟುಕೊಂಡು ಚಿಮಟ ಹಿಡಿಯುವುದು, ಆ ಮೇಜು ಬಿಟ್ಟರೆ ತನಗೆ ಬೇರೇನು ಗೊತ್ತು, ಹೆದರಿಕೆಯಾಗುತ್ತದೆ, ನಿಜವಾಗಿ ಹೆದರಿಕೆ. ಹೇಳದಿದ್ದರೆ ಮುಂದಿನ ಇಳಿಜಾರು, ತಾನು ಬಿದ್ದರೆ ಇಷ್ಟು ಹತ್ತಿರ ಇರುವ ಅವನೂ ಬಂದು ಬೀಳುತ್ತಾನೆ, ದೂರ ಇರು ಅಂದರೆ ಕೇಳುವ ಆಸಾಮಿಯೇ ಅಲ್ಲ.

ಇಳಿಜಾರಿನ ಫಲಕ ಬಂತು, ದೀಪ ಇದೆ, ತಾನು ಗಾಡಿಯನ್ನು ಬದಿಗೆ ತೆಗೆದುಕೊಂಡ, ಕೀಲಿ ತಿರುಗಿಸಿದ. ಹಿಡಿಕೆ ಸುಮ್ಮನಾಯಿತು, ಚೀಲ ಸುಮ್ಮನಾಯಿತು, ಬಲಗೈ ಮಾತ್ರ ಆಗಲಿಲ್ಲ, ಜೇಬಿಗೆ ಹಾಕಲಿಲ್ಲ, ತೊಡೆಯ ಮೇಲೆ ಕಾಣುವ ಹಾಗೆ ಇಟ್ಟ, ಬಾಲ ಹಿಂದೆಯೇ ಬಂದು ನಿಂತ. ಕೈ ನಿಲ್ತಿಲ್ಲ ಕಣೋ, ಹಿಂದೆ ತಿರುಗದೆ ಕನ್ನಡಿಗೇ ಹೇಳಿದ. ಹಿಂದಿನಿಂದ ಬಾಲ, ಗೊತ್ತು, ಕೂತಿರು, ಮಾಸ್ತರು ತಿರುಗಿ ಬರ್ತಾರೆ. ಬರುತ್ತಾರೆ, ಅವರ ಕನ್ನಡಿ ಈಗ ಖಾಲಿ, ತನ್ನದರಲ್ಲಿ ದೀಪ, ದಾಟಿ ಮುಂದೆ ಬಾರದೆ, ಆರದೆ, ಮೊದಲ ಸಲ ನಡುಗದೆ, ದೀಪ —