ಮೂವತ್ತೆರಡು ಪಿನ್ನು

೧.

ಎಲ್ಲಿಂದ ಶುರು ಮಾಡಲಿ ಹೇಳಿ. "ಬೆಳಗಿನ ಬಿಸಿಲಿನಲ್ಲಿ ಈಜುಕೊಳದ ನೀಲಿ ನೀರು" ಎಂದು ಬರೆದೆ, ಹೊಡೆದು ಹಾಕಿದೆ. ನೀರು ನೀಲಿಯಾಗಿರಲಿಲ್ಲ. ಒಳಗಿಳಿಯುವ ಮೆಟ್ಟಿಲುಗಳಲ್ಲಿ ಮೂರನೆಯದು ಕಾಣದಷ್ಟು ಹಸಿರಾಗಿತ್ತು. ಈ ಕಥೆಯಲ್ಲಿ ಸುಳ್ಳು ಹೇಳುವವರು ಬೇಕಾದಷ್ಟಿದ್ದಾರೆ, ನಾನೂ ಆ ಗುಂಪಿಗೆ ಸೇರುವುದು ಬೇಡ ಅಂದುಕೊಂಡೆ. (ಸೇರಿದ್ದೇನೆ. ಈಗಲೇ ಹೇಳಿದರೆ ನೀವು ಎದ್ದು ಹೋಗುತ್ತೀರಿ.)

೧. (ಮತ್ತೆ)

ಸರಿ, ಭುಜದಿಂದ ಶುರು ಮಾಡೋಣ. ಬಲ ಭುಜ. ಕತ್ತರಿ ಅಕ್ಕನದು. ಮೂವತ್ತು ವರ್ಷ ಹೊಲಿಗೆ ಅಂಗಡಿಯ ಉದ್ದ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸಿದವಳು, ಹಾಗಾಗಿ ಪೇಟೆಗೆಲ್ಲ ಅದೇ ಹೆಸರು. ನಾಲ್ಕು ತಿಂಗಳಿಂದ ಆ ಭುಜ ದಿನಕ್ಕಿಷ್ಟು ಬಿಗಿಯುತ್ತಾ ಬಂದು, ಕೈ ಎದೆಯ ಮಟ್ಟಕ್ಕೆ ನಿಂತುಬಿಟ್ಟಿತು. ಜಡೆ ಹಾಕಿಕೊಳ್ಳಲೂ ಆಗದು, ಕತ್ತರಿಯಂತೂ ದೂರದ ಮಾತು.

ಫಿಸಿಯೋಥೆರಪಿಯವಳು ಕಡ್ಡಿ ಮುರಿದಂತೆ ಹೇಳಿದಳು. "ದಿನಾ ಅರ್ಧ ಗಂಟೆ ನೀರಲ್ಲಿ ನಿಂತು ಕೈ ಎತ್ತಿ. ತಿಂಗಳ ಕೊನೆಗೆ ಭುಜದ ಮಟ್ಟಕ್ಕೆ ಬರ್ಬೇಕು. ಬರ್ಲಿಲ್ವೋ, ಡಾಕ್ಟ್ರು ಪ್ರಜ್ಞೆ ತಪ್ಸಿ ಎಳೆದು ಬಿಡಿಸ್ತಾರೆ. ಆಮೇಲೆ ಕತ್ತರಿ ಹಿಡಿಯೋಕಾಗುತ್ತಾ ಅಂತ ನನ್ನ ಕೇಳ್ಬೇಡಿ."

ತಮ್ಮನ ಮನೆಯಲ್ಲಿ ಈಜುಕೊಳವಿತ್ತು. ತಮ್ಮ ಹಲ್ಲಿನ ಡಾಕ್ಟರು, ಮನೆಯ ಮುಂಭಾಗವೇ ಕ್ಲಿನಿಕ್ಕು. "ಬಂದ್ಬಿಡು ಅಕ್ಕ, ಇದು ನಿನ್ನ ಮನೆ ಅಂತಲೇ ತಿಳ್ಕೋ" ಎಂದ. ಅವಳು ಹಾಗೆಯೇ ತಿಳಿದುಕೊಂಡಳು. ತಪ್ಪಾದದ್ದು ಅಲ್ಲಿಯೇ.

೨.

ಫಿಲ್ಟರ್ ಎಂದರೆ ಮಹಾ ಏನಲ್ಲ. ಮೋಟಾರು ಕೊಳದ ನೀರನ್ನು ಎಳೆದು, ಮರಳು ತುಂಬಿದ ಟ್ಯಾಂಕಿನಲ್ಲಿ ಹಾಯಿಸಿ ವಾಪಸ್ಸು ಬಿಡುತ್ತದೆ. ಓಡುವಾಗ ಗುಂಯ್ ಎನ್ನುತ್ತದೆ. ತಿಂಗಳ ಮೊದಲಲ್ಲಿ ಪೂಲ್ ಮೆಕ್ಯಾನಿಕ್ಕು ಬಂದು, "ಬಿಸಿಲಿರೋವಾಗ್ಲೇ ಓಡ್ಬೇಕು, ಪಾಚಿ ಬೆಳೆಯೋದು ಆಗ್ಲೇ. ಒಂಬತ್ತರಿಂದ ಐದು, ಒಂದು ನಿಮಿಷ ಕಮ್ಮಿ ಆಗ್ಬಾರ್ದು" ಎಂದು ಟೈಮರ್ ಹೊಂದಿಸಿ ಹೋದ. ಹಿತ್ತಲ ಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಹಾಕಿದ ಹಳೇ ಟೈಮರು. ದುಂಡು ಮುಖ, ಸುತ್ತಲೂ ಪಿನ್ನು. ಒಂದು ಪಿನ್ನು ಒತ್ತಿದರೆ ಕಾಲು ಗಂಟೆ ಓಡುತ್ತದೆ, ಎತ್ತಿದರೆ ಕಾಲು ಗಂಟೆ ತೆಪ್ಪಗಿರುತ್ತದೆ. ಎಂಟು ಗಂಟೆಗೆ ಮೂವತ್ತೆರಡು ಪಿನ್ನು.

ಕತ್ತರಿ ಅಕ್ಕ ಬೆಳಿಗ್ಗೆ ಏಳಕ್ಕೆ ನೀರಿಗಿಳಿಯುವಳು, ಎಂಟೂವರೆಗೆ ಅಂಗಡಿಗೆ ಹೋಗಿ ಬೇರೆಯವರು ಬಟ್ಟೆ ಕತ್ತರಿಸುವುದನ್ನು ಹೊಟ್ಟೆ ಉರಿಸಿಕೊಂಡು ನೋಡುವಳು, ಐದೂವರೆಗೆ ಬರುವಳು. ಹಾಗಾಗಿ ಆ ಗುಂಯ್ ಸದ್ದು ಅವಳ ಕಿವಿಗೆ ಬಿದ್ದದ್ದೇ ಇಲ್ಲ. (ಇದನ್ನು ನೆನಪಿಟ್ಟುಕೊಳ್ಳಿ, ನನಗೆ ಮತ್ತೆ ಹೇಳಲು ಪುರುಸೊತ್ತಿಲ್ಲ.) ಕೈ ಎಷ್ಟು ಮೇಲೆ ಬಂತೆಂದು ಬಚ್ಚಲ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದಲೇ ಗೆರೆ ಎಳೆಯುತ್ತಿದ್ದಳು. ಎರಡು ವಾರದಲ್ಲಿ ಗೆರೆ ಮೂರು ಬೆರಳಷ್ಟು ಏರಿತು. ಇನ್ನು ನಾಲ್ಕು ಬೆರಳು.

೪.

(ಮೂರು ಎಲ್ಲಿ ಎಂದು ಕೇಳಬೇಡಿ.)

ನೀರು ಹಸಿರಾಯಿತು. ಮೆಕ್ಯಾನಿಕ್ಕು ಬಂದು ಬಗ್ಗಿ ನೋಡಿ, "ಯಾರೂ ಇಳೀಬೇಡಿ, ಚರ್ಮ ಕೆಟ್ಟೋಗುತ್ತೆ" ಎಂದ. "ಫಿಲ್ಟರ್ ದಿನಾ ಓಡ್ತಿದೆ ತಾನೇ?"

"ಓಡ್ತಿದೆ" ಎಂದರು ತಮ್ಮ, ತಮ್ಮನ ಹೆಂಡತಿ, ಅವರ ಮಗಳು, ಮೂವರೂ ಒಂದೇ ಉಸಿರಿಗೆ.

ಅವನು ಹೋದ ಮೇಲೆ ತಮ್ಮನ ಹೆಂಡತಿ ದನಿ ತಗ್ಗಿಸಿದಳು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಭುಜಕ್ಕೆ ಎಣ್ಣೆ ಹಚ್ಕೊಂಡು ಇಳೀತೀರಲ್ಲ, ಅದಕ್ಕೇ ಇರ್ಬೇಕು."

"ಅಕ್ಕ ಬೇಕು ಅಂತ ಮಾಡಿದ್ದಾ? ಹೋಗ್ಲಿ ಬಿಡು" ಎಂದ ತಮ್ಮ.

ನೋಡಿದಿರಾ ಈ ದೊಡ್ಡಸ್ತಿಕೆ! ಮಾಡದ ತಪ್ಪಿಗೆ ಪುಕ್ಕಟೆ ಕ್ಷಮೆ ಬೇರೆ. ಅವಳು ಎಣ್ಣೆ ಬಿಟ್ಟು ಹತ್ತು ದಿನವಾಗಿತ್ತು. ಎರಡೆರಡು ಸಲ ಸೋಪು ಹಾಕಿ ತೊಳೆದುಕೊಂಡೇ ಇಳಿಯುತ್ತಿದ್ದಳು. ಆದರೂ ಅವಳು ತಾಳ್ಮೆಯಿಂದ ನಸುನಕ್ಕಳು.

"ಯಾರ್ರೀ ನಕ್ಕಿದ್ದು?"

(ಕತ್ತರಿ ಅಕ್ಕ. ನನ್ನನ್ನೇ ಕೇಳುತ್ತಿದ್ದಾಳೆ.)

"ಹಲ್ಲು ಕಚ್ಚಿಕೊಂಡು ನಿಂತಿದ್ದೆ ನಾನು. ನಗು ಗಿಗು ಅಂತ ಬರೆದ್ರೆ ಈ ಕಥೇಲಿ ಇರಲ್ಲ, ಈಗ್ಲೇ ಹೇಳಿದೀನಿ."

ನಗು ತೆಗೆದೆ. ಹಲ್ಲು ಕಚ್ಚಿದಳು ಎಂದು ಓದಿಕೊಳ್ಳಿ.

೫.

ಮರುದಿನ ಅವಳು ಅಂಗಡಿಗೆ ಹೋಗಲಿಲ್ಲ. ಒಂಬತ್ತಾಯಿತು, ಸದ್ದಿಲ್ಲ. ಹತ್ತಾಯಿತು, ಹನ್ನೊಂದಾಯಿತು, ಊಹೂಂ. ಸದ್ದು ಬಂದರೆ ಎಲ್ಲರೂ ದೂರುತ್ತಾರೆ, ಬರದಿದ್ದರೆ ಯಾಕೆಂದು ಕೇಳುವವರೇ ಇಲ್ಲ. ಸ್ಟೂಲು ಎಳೆದು ಹತ್ತಿ, ಎಡಗೈಯಿಂದ ಟೈಮರಿನ ಮುಚ್ಚಳ ತೆಗೆದಳು. ಮೂವತ್ತೆರಡು ಪಿನ್ನೂ ಮೇಲೆದ್ದು ಕೂತಿದ್ದವು.

ಊಟದ ಹೊತ್ತಿಗೆ ಮೂವರನ್ನೂ ಹಿತ್ತಲಿಗೆ ಕರೆದಳು.

ತಮ್ಮನ ಹೆಂಡತಿ ಒಂಬತ್ತರಿಂದ ಒಂದರವರೆಗೆ ಕಂಪ್ಯೂಟರಿನ ಮುಂದೆ ಕೂತು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. "ನನ್ನ ಕ್ಲಾಸಿನ ಹೊತ್ತಿಂದು ಮಾತ್ರ ಎತ್ತಿದ್ದೆ ಅತ್ತಿಗೆ. ಮಿಕ್ಕಿದ್ದು ಓಡುತ್ತಲ್ಲ ಅಂತ."

ತಮ್ಮನಿಗೆ ಒಂದರಿಂದ ಮೂರು ನಿದ್ದೆ. "ನಂದು ಎರಡೇ ಗಂಟೆ ಅಕ್ಕ. ಮಿಕ್ಕಿದ್ದು ಓಡುತ್ತಲ್ಲ ಅಂದ್ಕೊಂಡೆ." ದಿನವಿಡೀ ಕಂಡವರ ಬಾಯಲ್ಲಿ ಡ್ರಿಲ್ ಓಡಿಸುವ ಮಹಾನುಭಾವನಿಗೆ ಈ ಗುಂಯ್ ತಡೆಯಲಾಗದಂತೆ!

ಮಗಳಿಗೆ ಪರೀಕ್ಷೆ. ಮೂರರಿಂದ ನಾಲ್ಕೂವರೆ ಓದು. "ಅತ್ತೆ, ನಾನೂ ಹಂಗೇ ಅಂದ್ಕೊಂಡೆ."

ಬಹಳ ಸಭ್ಯ ಮನೆ, ನೋಡಿ. ಇಲ್ಲಿ ಯಾರೂ ಯಾರೊಂದಿಗೂ ಜಗಳ ಆಡುವುದಿಲ್ಲ. "ಸ್ವಲ್ಪ ಹೊತ್ತು ಆರಿಸ್ಲಾ?" ಎಂದು ಕೇಳುವುದೂ ಇಲ್ಲ, ಕೇಳಿದರೆ ಇನ್ನೊಬ್ಬರಿಗೆ ಮುಜುಗರವಾದೀತಲ್ಲ! ಬೆಕ್ಕಿನ ಹೆಜ್ಜೆ ಇಟ್ಟು ಬಂದು ತಮ್ಮ ತಮ್ಮ ಪಿನ್ನು ಎತ್ತಿ ಹೋಗುತ್ತಾರೆ. ಕೊನೆಗೆ ತಪ್ಪನ್ನು ಒಬ್ಬಳ ಎಣ್ಣೆಯ ಮೇಲೆ ಹಾಕುತ್ತಾರೆ. ಇಂಥ ಸಭ್ಯತೆಗಿಷ್ಟು ಬೆಂಕಿ ಬೀಳ.

ಕತ್ತರಿ ಅಕ್ಕ ಅಳತೆಯವಳು. ಬೆರಳು ಮಡಚಿ ಎಣಿಸಿದಳು. "ಹದಿನಾರು, ಎಂಟು, ಆರು. ಮೂವತ್ತಾಯ್ತು. ನಾಲ್ಕೂವರೆಯಿಂದ ಐದು, ಇನ್ನೆರಡು ಯಾರದು?"

ಮೂವರೂ ಮುಖ ಮುಖ ನೋಡಿಕೊಂಡರು. ಅವಳು ನಿಧಾನಕ್ಕೆ ಈ ಕಡೆ ತಿರುಗಿದಳು.

೩.

ಒಪ್ಪಿಕೊಳ್ಳುತ್ತೇನೆ. ಇಲ್ಲೊಂದು ದೃಶ್ಯವಿತ್ತು. ಅವಳನ್ನು ಅಂಗಡಿಯಿಂದ ಬೇಗ ಕರೆಸಿ, ಇಳಿಬಿಸಿಲಲ್ಲಿ ಕೊಳದ ಅಂಚಿಗೆ ಕೂರಿಸಿದ್ದೆ. "ಮೌನ" ಎಂಬ ಪದ ಐದು ಸಲ ಬಂದಿತ್ತು. ಅಷ್ಟು ಮೌನದ ನಡುವೆ ಮೋಟಾರು ಗುಂಯ್ ಎಂದರೆ ಏನು ಚಂದ? ಎರಡು ಪಿನ್ನು ಎತ್ತಿದೆ. ದೃಶ್ಯ ಕೆಟ್ಟದಾಗಿ ಬಂತು, ಹರಿದೆ. ಪಿನ್ನು ವಾಪಸ್ಸು ಒತ್ತುವುದು ಮರೆತೆ.

"ಮರೆತ್ರಾ?" ಎಂದಳು. "ಅವ್ರಿಗಾದ್ರೆ ನನ್ನ ಕೈ ಎಷ್ಟು ಏರಿದೆ ಅಂತ ಗೊತ್ತಿರ್ಲಿಲ್ಲ. ಬಚ್ಚಲ ಗೋಡೆ ಮೇಲಿನ ಗೆರೆ ಬರ್ದೋರು ನೀವು. ನಾಲ್ಕು ಬೆರಳು ಅಂತ ಬರ್ದೋರು ನೀವು. ನಿಮಗೆ ನಾಚಿಕೆ ಆಗ್ಬೇಕು ಕಥೆಗಾರರೇ."

ಆಯಿತು. ಈಗಲೂ ಆಗುತ್ತಿದೆ.

೬. ಮುಕ್ತಾಯಗಳು

ಅ) ಸಿಟ್ಟಿನ ಭರದಲ್ಲಿ ಅವಳ ಬಲಗೈ ತಾನಾಗಿಯೇ ಮೇಲೇರಿ, ಭುಜ ದಾಟಿ, ಟೈಮರನ್ನು ಮುಟ್ಟುತ್ತದೆ. ಎಲ್ಲರ ಕಣ್ಣಲ್ಲೂ ನೀರು.

"ನಂಗೆ ಎಡಗೈ ಇಲ್ವಾ? ಮುಚ್ಚಳ ಎಡಗೈಲೇ ತೆಗ್ದಿದ್ದು ಅಂತ ನೀವೇ ಬರೆದಿದೀರಿ. ಭುಜ ಅಂದ್ರೆ ಹಂಗೆ ಎದ್ದುಬಿಡುತ್ತಾ? ಒಂದು ದಿನ ಈ ನೋವು ನೀವು ಅನುಭವಿಸಿ ನೋಡಿ."

ಆ) ತಮ್ಮ ಕಾಲು ಹಿಡಿದು ಕ್ಷಮೆ ಕೇಳುತ್ತಾನೆ.

"ಕೇಳ್ತಾನೆ. ಹೋಗ್ತಾ ಒಂದು ಪಿನ್ನು ಎತ್ಕೊಂಡೇ ಹೋಗ್ತಾನೆ. ನನ್ನ ತಮ್ಮ, ನಂಗೆ ಗೊತ್ತಿಲ್ವಾ?"

ಇ) ಅವಳು ಎಡಗೈಯಿಂದ ಮೂವತ್ತೆರಡೂ ಪಿನ್ನು ಒತ್ತಿದಳು. (ಇದನ್ನು ನಾನು ಬರೆಯುವ ಮೊದಲೇ ಮಾಡಿದ್ದಳು.) ಮೋಟಾರು ಗುಂಯ್ ಎಂದಿತು. ಸ್ಟೂಲನ್ನು ಟೈಮರಿನ ಕೆಳಗೇ ಹಾಕಿ ಕೂತಳು. ತಿಂಗಳ ಕೊನೆಗೆ ಒಂಬತ್ತು ದಿನ. ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, ನೀರು ತಿಳಿಯಾಗಲು ನಾಲ್ಕು ದಿನ ಬೇಕು ಎಂದ. ಉಳಿಯುವುದು ಐದು ದಿನ, ಏರಬೇಕಾದ್ದು ನಾಲ್ಕು ಬೆರಳು. ಸಾಕಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ತಮ್ಮನ ಹೆಂಡತಿ ಬಂದಳು. "ಅತ್ತಿಗೆ, ನಾಳೆ ಕ್ಲಾಸಿಗೆ..."

"ಕಿಟಕಿ ಹಾಕ್ಕೊಮ್ಮ."

ತಮ್ಮ ಬಂದ. "ಅಕ್ಕ, ಒಂದು ಗಂಟೆ ಹೊತ್ತು..."

"ಕಿವಿಗೆ ಹತ್ತಿ ಇಟ್ಕೋ. ನಿನ್ನ ಕ್ಲಿನಿಕ್ಕಲ್ಲಿ ಅದಕ್ಕೇನು ಬರ?"

ಕೊನೆಗೆ ನಾನು ಹೋದೆ.

"ನಿಮಗೇನು?"

"ಕೊನೆಯ ಪ್ಯಾರಾ ಬಾಕಿಯಿದೆ. ಸದ್ದಿನಲ್ಲಿ ಬರೆಯೋಕೆ ಆಗ್ತಿಲ್ಲ. ಕಾಲು ಗಂಟೆ ಸಾಕು. ಒಂದೇ ಒಂದು ಪಿನ್ನು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದಳು.

"ನಿಮ್ಮ ಕಥೆ ಹಂಗೇ ಇರ್ಲಿ ಬಿಡಿ" ಎಂದಳು. "ನೀರು ತಿಳಿಯಾಗ್ಬೇಕು."

ಆ ಪ್ಯಾರಾ ಇನ್ನೂ ಬರೆದಿಲ್ಲ. ಮೋಟಾರು ಓಡುತ್ತಲೇ ಇದೆ, ಅವಳು ಸ್ಟೂಲಿನಿಂದ ಏಳುತ್ತಿಲ್ಲ.