ಹನ್ನೆರಡನೆಯ ತಿಂಗಳು

ಮ್ಯಾಲಕಿ ಟ್ಯಾನ್ಸಿ ಇಪ್ಪತ್ತಮೂರು ಅಂದ. ನಾನು ಎಣಿಸಿದ್ದು ಇಪ್ಪತ್ತೆರಡು.

ಡಿಸೆಂಬರ್ ಮೂವತ್ತೊಂದು, ಮಧ್ಯಾಹ್ನ ಮೂರೂವರೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೇಟಿನ ಪಕ್ಕ ನಿಂತ ನನಗೆ ಹಸುವಿನ ತಲೆ ಕಂಡರೆ ಬಾಲ ಕಾಣುತ್ತಿರಲಿಲ್ಲ. ಹಸುಗಳು ಹುಲ್ಲುಗಾವಲಿನಿಂದ ಒಂದೊಂದೇ ರಸ್ತೆಗೆ ಇಳಿದು ಹೋಗುತ್ತಿದ್ದವು.

"ಇನ್ನೊಂದು ಎಲ್ಲಪ್ಪಾ?" ಎಂದೆ.

"ಎಲ್ಲಾ ಬಂದ್ವು ಡೆಲಿಯಾ. ಕನ್ನಡಕ ಒರೆಸ್ಕೊಳ್ಳಿ."

"ನನ್ನ ಕನ್ನಡಕ ಸರಿಯಾಗೇ ಇದೆ. ನೀನು ಎಣಿಸೋದು ಕಲಿ."

ಅವನು ನಕ್ಕು, ಟೋಪಿ ಎತ್ತಿ, ದನಗಳ ಹಿಂದೆ ಮಂಜಿನಲ್ಲಿ ಮಾಯವಾದ. ನಾನು ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದೆ. ಆಮೇಲೆ ನೀರಿನ ತೊಟ್ಟಿಯ ನಲ್ಲಿ ತಿರುಗಿಸಿ ನಿಲ್ಲಿಸಿ, ತೊಟ್ಟಿಯಲ್ಲಿ ಉಳಿದ ನೀರನ್ನೂ ಚೆಲ್ಲಿದೆ. ಇದು ನನ್ನ ಗಂಡ ಟೀಗ್ ಹಾಕಿಕೊಟ್ಟು ಹೋದ ಕ್ರಮ.

ನಮ್ಮ ರಾಸ್ಕಾಮನ್ ಜಿಲ್ಲೆಯ ಕಡೆ ಯಾರೂ ಹುಲ್ಲುಗಾವಲನ್ನು ವರ್ಷಕ್ಕೆಂದು ಗುತ್ತಿಗೆ ಕೊಡುವುದಿಲ್ಲ. ಹನ್ನೊಂದೇ ತಿಂಗಳು; ಮ್ಯಾಲಕಿಗೆ ಹದಿನಾಲ್ಕು ವರ್ಷದಿಂದ ಕೊಡುತ್ತಿರುವುದೂ ಹಾಗೇ. ಸಂತ ಬ್ರಿಜಿಡಳ ಹಬ್ಬದಂದು, ಫೆಬ್ರವರಿ ಒಂದಕ್ಕೆ, ದನ ಒಳಗೆ. ಡಿಸೆಂಬರ್ ಕೊನೆಗೆ ಹೊರಗೆ. ಜನವರಿಯಲ್ಲಿ ಒಂದು ಗೊರಸೂ ಒಳಗಿರಕೂಡದು. ವರ್ಷ ಪೂರ್ತಿ ಆಯಿತೆಂದರೆ ಗುತ್ತಿಗೆಯವನು ಹಕ್ಕು ಸಾಧಿಸುತ್ತಾನೆ, ಮತ್ತೆ ಅವನನ್ನು ಎಬ್ಬಿಸಬೇಕಾದರೆ ಕೋರ್ಟಿಗೆ ಅಲೆದು ಅಲೆದು ಸಾಯಬೇಕು ಎಂದು ಟೀಗ್ ಹೇಳುತ್ತಿದ್ದ. ಅವನ ಮುತ್ತಜ್ಜನೇ ಯಾವನೋ ದೊರೆಯ ಒಕ್ಕಲಾಗಿದ್ದವನು. ಜಗ್ಗದೆ ಕೂತು ಕೂತೇ ಈ ಇಪ್ಪತ್ತಾರು ಎಕರೆ ದಕ್ಕಿಸಿಕೊಂಡವನು. ಹಾಗೆ ಬಂದ ಭೂಮಿ ಹಾಗೇ ಹೋದೀತೆಂಬ ಭಯ ಈ ಮನೆಯಲ್ಲಿ ಯಾವಾಗಲೂ ಇದ್ದದ್ದೇ. ಟೀಗ್ ಸತ್ತ ಮೇಲೆ ಅದು ಪೂರ್ತಿಯಾಗಿ ನನ್ನ ಪಾಲಿಗೆ ಬಂತು.

ಹೊಸ ವರ್ಷದ ಬೆಳಿಗ್ಗೆ ಮಂಜು ಸರಿದು, ನೆಲವೆಲ್ಲ ಹೆಪ್ಪುಗಟ್ಟಿ, ಮೇಲೆ ಬಿಳಿ ಹಿಮ ಕೂತಿತ್ತು. ಟೀ ಲೋಟ ಹಿಡಿದು ಅಡಿಗೆಮನೆಯ ಕಿಟಕಿಗೆ ಬಂದೆ. ಜೊಂಡಿನ ಮರೆಯಿಂದ ಒಂದು ಕೆಂಪು ಹಸು ಎದ್ದು ನಿಂತಿತು. ಕಿವಿಯಲ್ಲಿ ಹಳದಿ ಬಿಲ್ಲೆ, ಹೊಟ್ಟೆ ಎರಡೂ ಕಡೆ ಉಬ್ಬಿತ್ತು.

ನನ್ನ ಎಣಿಕೆಯೇ ಸರಿ ಎಂಬ ಖುಷಿ ಒಂದು ಕ್ಷಣವೂ ಇರಲಿಲ್ಲ. ಎಷ್ಟು ಧೈರ್ಯವಾಗಿ ಇಪ್ಪತ್ತಮೂರು ಅಂದುಬಿಟ್ಟನಲ್ಲ, ಮುಂಡೇದು, ಎಂದುಕೊಂಡೆ. ಮುದುಕಿ, ಗಂಡನಿಲ್ಲ, ಕಣ್ಣು ಮಂಜು ಎಂದು ಬೇಕಂತಲೇ ಒಂದನ್ನು ಒಳಗೆ ಬಿಟ್ಟು ಹೋಗಿದ್ದಾನೆ. ರಜೆಯ ದಿನವಾದರೂ ವಕೀಲ ಹೆಸ್ಲಿನ್ನನ ಮನೆಗೇ ಫೋನು ಮಾಡಿದೆ.

"ಮುಟ್ಟಬೇಡಿ," ಅಂದ ಹೆಸ್ಲಿನ್. ಬಾಯಲ್ಲಿ ಏನೋ ಅಗಿಯುತ್ತಿದ್ದ. "ಮೇವು ಹಾಕಬೇಡಿ, ನೀರು ಕೊಡಬೇಡಿ. ಕೊಟ್ರೆ ಅದು ಅಲ್ಲಿರೋದಕ್ಕೆ ನೀವೇ ಒಪ್ಪಿಕೊಂಡ ಹಾಗೆ. ದಿನಾ ಒಂದು ಫೋಟೋ ತೆಗೀರಿ, ತಾರೀಖು ಬರೋ ಹಾಗೆ. ಅವನಿಗೆ ಫೋನ್ ಗೀನ್ ಮಾಡಬೇಡಿ. ಕಚೇರಿ ತೆಗೆದ ಕೂಡಲೇ ನಾನು ನೋಟೀಸ್ ಕಳಿಸ್ತೀನಿ."

ಗೇಟಿನವರೆಗೂ ಹೋಗಿ ಫೋಟೋ ತೆಗೆದೆ. ಹಸು ನನ್ನನ್ನು ನೋಡಿ ನಾಲ್ಕು ಹೆಜ್ಜೆ ಹತ್ತಿರ ಬಂತು. ನಾನು ಬೆನ್ನು ತಿರುಗಿಸಿ ಬಂದುಬಿಟ್ಟೆ.

ಮರುದಿನ ಅದು ಖಾಲಿ ತೊಟ್ಟಿಯ ಹತ್ತಿರವೇ ನಿಂತಿತ್ತು. ಕಲ್ಲನ್ನು ನೆಕ್ಕುತ್ತಿತ್ತು. ಎರಡನೆಯ ಫೋಟೋ ತೆಗೆದೆ. ಮನೆಗೆ ಬಂದು ಕಿಟಕಿಯ ಪರದೆ ಎಳೆದೆ, ಐದು ನಿಮಿಷಕ್ಕೆ ಮತ್ತೆ ಸರಿಸಿ ನೋಡಿದೆ. ಮನೆಯಲ್ಲಿ ಕೂರಲಾರದೆ ಹಾಲು ತರುವ ನೆಪದಲ್ಲಿ ಅಂಗಡಿಗೆ ಹೋದೆ.

ಅಂಗಡಿಯ ಅಸಂಪ್ಟಾಳಿಗೆ ಊರಿನ ಸುದ್ದಿಯೆಲ್ಲ ಊರಿಗಿಂತ ಮೊದಲೇ ಗೊತ್ತು.

"ಪಾಪ, ಮ್ಯಾಲಕಿ ನಿನ್ನೆಯಿಂದ ಸರೋವರದ ದಂಡೆ ಸುತ್ತುತಾ ಇದಾನೆ," ಅಂದಳು. "ಗಬ್ಬದ ಹಸು ಕಾಣ್ತಾ ಇಲ್ವಂತೆ. ದಾರೀಲಿ ಮಂಜಲ್ಲಿ ತಪ್ಪಿಸ್ಕೊಂಡಿರ್ಬೇಕು ಅಂತಾನೆ. ಅನ್ನ ನೀರು ಬಿಟ್ಟು ಹುಡುಕ್ತಿದಾನೆ."

"ಒಳ್ಳೇ ನಾಟಕ," ಎಂದೆ, ಅವಳಿಗೆ ಕೇಳಿಸದ ಹಾಗೆ.

"ನಿಮ್ಮ ಹುಲ್ಲುಗಾವಲಲ್ಲಿ ನೋಡೋ ಅಂದೆ. ಅದಕ್ಕೆ ಏನಂದ ಗೊತ್ತಾ? 'ಜನವರಿ ಕಣೇ, ಆ ಗೇಟಿನ ಕಡೆ ನಾನು ಕತ್ತೂ ತಿರುಗಿಸಲ್ಲ. ಟೀಗ್‌ಗೆ ಮಾತು ಕೊಟ್ಟಿದೀನಿ' ಅಂದ. ಏನ್ ಜನಾನೋ!"

ಹಾಲಿನ ಡಬ್ಬ ನನ್ನ ಕೈಯಿಂದ ಜಾರಿತು. ಅಸಂಪ್ಟಾ ಬೈದುಕೊಂಡು ನೆಲ ಒರೆಸಿದಳು.

ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ. ಅವನು ಹಾಗಂದದ್ದು ನಿಜವಿರಬಹುದು. ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಿಸಲು ಅಸಂಪ್ಟಾಳ ಮುಂದೆ ಅಂದದ್ದೂ ಇರಬಹುದು. ಮ್ಯಾಲಕಿಗೆ ಫೋನು ಮಾಡಿಬಿಡಲೇ ಎಂದು ಎರಡು ಸಲ ಕೈಗೆತ್ತಿಕೊಂಡೆ, ಎರಡು ಸಲ ಇಟ್ಟೆ. ಆ ದಿನ ಮಾಡಿದ್ದರೆ ಎಲ್ಲಾ ಬೇರೆಯಾಗುತ್ತಿತ್ತು. ಮಾಡಲಿಲ್ಲ. ನನ್ನ ಭಯದ ಮುಂದೆ ಆ ಹಸುವಿನ ಬಾಯಾರಿಕೆ ದೊಡ್ಡದಾಗಿ ಕಾಣಲಿಲ್ಲ, ಅಷ್ಟೇ.

ಮೂರನೆಯ ಬೆಳಿಗ್ಗೆ ಫೋಟೋ ತೆಗೆಯಲು ಹೋದಾಗ ಹಸು ತೊಟ್ಟಿಯ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಹಿಂದಿನಿಂದ ಕರುವಿನ ಎರಡು ಕಾಲು ಹೊರಗೆ ಬಂದು ನಿಂತುಬಿಟ್ಟಿದ್ದವು. ಹಸು ತಿಣುಕುತ್ತಲೂ ಇರಲಿಲ್ಲ.

ಬುದ್ಧಿ ಬಂದದ್ದು ಆಗ. ಅಲ್ಲಿಂದಲೇ ಮ್ಯಾಲಕಿಗೆ ಫೋನು ಮಾಡಿದೆ.

ಐದೇ ನಿಮಿಷದಲ್ಲಿ ಟ್ರ್ಯಾಕ್ಟರು ಬಂದು ನಿಂತಿತು. ಮ್ಯಾಲಕಿ ಕರು ಎಳೆಯುವ ಹಗ್ಗ ಹಿಡಿದು ಹಾರಿ ಇಳಿದ, ಗೇಟಿನವರೆಗೆ ಓಡಿ ಬಂದ, ಅಲ್ಲೇ ಗಕ್ಕನೆ ನಿಂತ.

"ಒಳಗೆ ಬರಲಾ?"

"ಹಸು ಸಾಯ್ತಾ ಇದೆಯಲ್ಲೋ, ಕೇಳ್ತಾ ನಿಂತಿದೀಯಾ!"

"ಜನವರಿ, ಡೆಲಿಯಾ. ನೀವು ಬಾ ಅನ್ನದೆ ಕಾಲಿಡಲ್ಲ. ಆಮೇಲೆ ನುಗ್ಗಿ ಬಂದ ಅನ್ನಿಸ್ಕೊಳ್ಳೋಕೆ ನನ್ನಿಂದಾಗಲ್ಲ. ಬೇಗ ಅನ್ನಿ, ದಮ್ಮಯ್ಯ!"

ಆ ಹೊತ್ತಿನಲ್ಲೂ, ದೇವರು ನನ್ನನ್ನು ಕ್ಷಮಿಸಲಿ, ಹೆಸ್ಲಿನ್ನನ ಮಾತು ಅಡ್ಡ ಬಂದು ನನ್ನ ನಾಲಿಗೆ ಹೊರಳಲಿಲ್ಲ. ಬಾ ಅಂದರೆ ಒಪ್ಪಿಕೊಂಡ ಹಾಗೆ. ಮ್ಯಾಲಕಿ ಗೇಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ.

"ಬಾ," ಎಂದೆ. "ಬಾರೋ!"

ಬೀಗ ತೆಗೆಯುವವರೆಗೂ ಕಾಯಲಿಲ್ಲ, ಗೇಟು ಹಾರಿದ. ನಾವಿಬ್ಬರೂ ಹೆಪ್ಪುಗಟ್ಟಿದ ನೆಲದಲ್ಲಿ ಕೂತು, ಕಾಲು ಊರಿ, ಹಗ್ಗ ಎಳೆದೆವು. ಕರು ಜಾರಿ ಹೊರಬಂತು. ಹೆಣ್ಣು. ಮ್ಯಾಲಕಿ ಮೂಗಿನ ಲೋಳೆ ತೆಗೆದು, ಒಣಹುಲ್ಲಿನಿಂದ ಎದೆ ತಿಕ್ಕಿದ. ಅದು ಕೆಮ್ಮಿತು. ನನಗೆ ಅಳು ಬಂತು.

ಹಸು ತಲೆ ಎತ್ತಲಿಲ್ಲ. ಮ್ಯಾಲಕಿ ನೀರಿಗೆಂದು ತೊಟ್ಟಿಯ ಕಡೆ ತಿರುಗಿದ. ಒಣಗಿದ ಕಲ್ಲನ್ನು ಒಂದು ಗಳಿಗೆ ನೋಡಿದ. ನಾನು ಓಡಿ ಹೋಗಿ ಮನೆಯಿಂದ ಬಕೆಟ್ಟು ತಂದೆ. ಹಸು ಅಷ್ಟನ್ನೂ ಒಂದೇ ಸಮನೆ ಕುಡಿಯಿತು. ಕುಡಿದು, ಗದ್ದವನ್ನು ನೆಲಕ್ಕಿಟ್ಟಿತು. ದನದ ಡಾಕ್ಟರು ಬರುವಷ್ಟರಲ್ಲಿ ಸತ್ತುಹೋಗಿತ್ತು.

"ಯಾವಾಗ ನೋಡಿದ್ರಿ?" ಎಂದ ಮ್ಯಾಲಕಿ.

"ಇವತ್ತು ಬೆಳಿಗ್ಗೆ."

ಅವನು ಕೈಯನ್ನು ಹುಲ್ಲಿಗೆ ಒರೆಸಿಕೊಂಡ. "ಒಂದನ್ನು ಎರಡು ಸಲ ಎಣಿಸಿದೀನಿ ಅಂತ ಕಾಣುತ್ತೆ. ಮಂಜು," ಎಂದ. "ನೀವು ನೋಡಿದ್ದು ಒಳ್ಳೇದಾಯ್ತು. ಕರುವಾದ್ರೂ ಉಳೀತು." ಕರುವನ್ನು ತನ್ನ ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ಹೋದ. ಹೋಗುವವರೆಗೂ ನನ್ನ ಮುಖ ನೋಡಲಿಲ್ಲ.

ಆ ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಭೂಮಿ ಹೋಗುತ್ತದೆಂಬ ಭಯ ಎಲ್ಲಿ ಹೋಯಿತೋ. ಈಗ ಬೇರೆಯೇ ಭಯ, ಮ್ಯಾಲಕಿಗೆ ಗೊತ್ತಾದರೆ ಎಂದು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಕಿಟಕಿಯ ಪರದೆ ಎಳೆಯುತ್ತಿದ್ದೆ. ತಾರೀಖು ಹಾಕಿದ ಮೊದಲೆರಡು ಫೋಟೋ ಆಗಲೇ ಹೆಸ್ಲಿನ್ನನಿಗೆ ಕಳಿಸಿಬಿಟ್ಟಿದ್ದೆ. ಅಳಿಸಿಹಾಕು ಮಾರಾಯ ಎಂದು ಕೇಳಿದರೆ, "ಇರಲಿ ಬಿಡಿ, ಮುಂದೆ ಉಪಯೋಗಕ್ಕೆ ಬರುತ್ತೆ," ಎಂದ. ಭಾನುವಾರ ಚರ್ಚಿನ ಪೂಜೆಗೆ ಹೋದರೂ ಮ್ಯಾಲಕಿ ಕೂರುವ ಬೆಂಚಿನ ಕಡೆ ನೋಡಲಾಗುತ್ತಿರಲಿಲ್ಲ.

ಫೆಬ್ರವರಿ ಒಂದಕ್ಕೆ ಹೆಸ್ಲಿನ್ನನ ಕಚೇರಿಯಲ್ಲಿ ಸೇರಿದೆವು. ಮ್ಯಾಲಕಿ ಪೂಜೆಗೆ ಹಾಕುವ ಕೋಟು ಹಾಕಿ, ಕೂದಲು ಬಾಚಿಕೊಂಡು ಬಂದಿದ್ದ. ಈ ವರ್ಷದ ಗುತ್ತಿಗೆಯ ಕಾಗದವನ್ನು ಪೂರ್ತಿ ಓದಿದ.

"ಒಂದು ಸಾಲು ಸೇರಿಸ್ಬೇಕು," ಎಂದ. "ಜನವರಿಯಲ್ಲೂ ತೊಟ್ಟಿಗೆ ನೀರು ನಿಲ್ಲಿಸಬಾರದು ಅಂತ."

ಹೆಸ್ಲಿನ್ ನಕ್ಕ. "ಜನವರೀಲಿ ಅಲ್ಲಿ ಯಾರಿರ್ತಾರಪ್ಪಾ? ಮೊಲಗಳಿಗೆ ನೀರಾ?"

ಮ್ಯಾಲಕಿ ನಗಲಿಲ್ಲ.

"ಬರೀರಿ," ಎಂದೆ ಹೆಸ್ಲಿನ್ನನಿಗೆ.

ಸಹಿ ಹಾಕಿ ಹೊರಗೆ ಬಂದೆವು. ಮೆಟ್ಟಿಲ ಮೇಲೆ ಅವನ ತೋಳು ಹಿಡಿದೆ. ಇನ್ನು ತಡೆಯಲಾಗಲಿಲ್ಲ.

"ಮ್ಯಾಲಕಿ, ನಾನು ಮೊದಲನೇ ದಿನವೇ ನೋಡಿದ್ದೆ."

"ಗೊತ್ತು. ಗೇಟಿನ ಹತ್ರ ನಿಮ್ಮ ಬೂಟಿನ ಗುರುತು ಮೂರು ಸಾಲಿತ್ತು. ಎರಡರ ಮೇಲೆ ಆಗಲೇ ಹೊಸ ಹಿಮ ಕೂತಿತ್ತು."

"ಮತ್ತೆ ಯಾಕೋ ಒಂದು ಮಾತೂ ಅನ್ನಲಿಲ್ಲ? ಬೈಯಬೇಕಿತ್ತು ನನಗೆ."

ಅವನು ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ಹೆಂಗೆ ಬೈಯಲಿ ಡೆಲಿಯಾ? ನಿಮ್ಮ ಹುಲ್ಲು ಬಿಟ್ರೆ ನನ್ನ ದನಕ್ಕೆ ಬೇರೆ ಹುಲ್ಲಿಲ್ಲ. ನೀವು ಮುನಿಸ್ಕೊಂಡು ಈ ಸಲ ಕೊಡಲ್ಲ ಅಂದಿದ್ರೆ ನಾನು ಎಲ್ಲಿಗೆ ಹೋಗ್ಬೇಕಿತ್ತು?" ಟೋಪಿ ಹಾಕಿಕೊಂಡ. "ಗೇಟು ತೆಗೆದಿದೆಯಾ?"

"ತೆಗೆದಿದೆ."

ಅವನು ಮೆಟ್ಟಿಲಿಳಿದು ದನ ಹೊಡೆದುಕೊಂಡು ಬರಲು ಹೋದ. ಹದಿನಾಲ್ಕು ವರ್ಷ ನಾನು ಈ ಮನುಷ್ಯನಿಗೆ ಹೆದರಿದ್ದೆ.